ನಿಂತು ನಿಂತು ಬರುತ್ತಿದ್ದ ದನಿ

ಬಸ್ಸಿನಲ್ಲಿ ಕಂಡಕ್ಟರು ಆಧಾರ್ ತೋರಿಸಿ ಎಂದರೆ ನನಗೆ ಬೆವರು ಬರುತ್ತಿತ್ತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಆದರೆ ಗುರುತು ತೋರಿಸಬೇಕು. ನನ್ನ ಗುರುತೆಲ್ಲ ಫೋನಿನೊಳಗಿತ್ತು, ಫೋನು ತೆರೆದುಕೊಳ್ಳುವುದಕ್ಕೆ ಮುಹೂರ್ತ ನೋಡುತ್ತಿತ್ತು. ಪರದೆಯ ನಡುವೆ ಚಕ್ರ ತಿರುಗುತ್ತಾ ಇರುವಾಗ ಕಂಡಕ್ಟರು ಹಿಂದಿನ ಸೀಟುಗಳನ್ನೆಲ್ಲ ಮುಗಿಸಿಕೊಂಡು ಬಂದು ಮತ್ತೆ ನನ್ನ ಮುಂದೆ ನಿಲ್ಲುತ್ತಿದ್ದ. ಆಂಡರ್ಸನ್‌ಪೇಟೆ ಬರುವಷ್ಟರಲ್ಲಾದರೂ ತೆರೆಯುತ್ತದೆಯೇ ಎಂದು ಒಬ್ಬ ಕಂಡಕ್ಟರು ಎಲ್ಲರೆದುರು ಕೇಳಿದ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಫೋನಿನ ಮೇಲೆ. ಹೊಸದು ತಗೊಳ್ಳಬಾರದೇ ಎಂದು ಪಕ್ಕದ ಹೆಂಗಸು ಕೇಳಿದರೆ, ನೋಡೋಣ ಎನ್ನುತ್ತಿದ್ದೆ. ನಿಜವಾದ ಕಾರಣ ಬಸ್ಸಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಆ ಫೋನು ಬಂದದ್ದು ಕೊರೊನಾ ಕಾಲದಲ್ಲಿ. ನಾನು ಆಂಡರ್ಸನ್‌ಪೇಟೆಯ ಒಂದು ಸಣ್ಣ ಶಾಲೆಯಲ್ಲಿ ನರ್ಸರಿ ಟೀಚರು. ಶಾಲೆ ಮುಚ್ಚಿತ್ತು, ಮಕ್ಕಳಿಗೆ ಅಕ್ಷರ, ಅಂಕಿ, ಹಾಡು ಎಲ್ಲವನ್ನೂ ದನಿಯಲ್ಲಿ ಕಳಿಸಬೇಕಿತ್ತು. ನಮ್ಮ ಊರು ಬಂಗಾರಪೇಟೆ ರಸ್ತೆಯಲ್ಲಿ. ಮನೆ ಸಣ್ಣದು, ಒಳಗೆ ಟಿವಿ, ಹೊರಗೆ ನಾಯಿಗಳು. ಸದ್ದಿಲ್ಲದ ಜಾಗ ಅಂದರೆ ಹಿತ್ತಲ ಕೊಟ್ಟಿಗೆ. ಅಲ್ಲಿ ಗೋಡೆಯ ಗೂಡಿನಲ್ಲಿ ಫೋನಿಟ್ಟು, ನಮ್ಮ ಸೀಮೆ ಹಸುವಿನ ಮುಂದೆ ನಿಂತು ನಾನು ಅಂಕಿಯ ಹಾಡು ಹೇಳುತ್ತಿದ್ದೆ. ಹಸು ಮೆಲುಕು ಹಾಕುತ್ತಾ ಕೇಳುತ್ತಿತ್ತು. ನನ್ನ ತರಗತಿಯ ಎಷ್ಟೋ ಮಕ್ಕಳಿಗಿಂತ ಅದೇ ವಾಸಿ.

ಒಂದು ಸಂಜೆ ಹಾಡು ಮುಗಿಯುವಷ್ಟರಲ್ಲಿ ಮನೆಯೊಳಗಿಂದ ಏನೋ ಸೀದ ವಾಸನೆ ಬಂತು. ರೆಕಾರ್ಡಿಂಗ್ ನಿಲ್ಲಿಸದೆ ಓಡಿದೆ. ನನ್ನ ಬೆನ್ನಿಗೇ ಅತ್ತೆ ಹಾಲು ಕರೆಯಲು ಕೊಟ್ಟಿಗೆಗೆ ಬಂದರು. ಅತ್ತೆ ಮನುಷ್ಯರ ಜೊತೆ ಮಾತು ಕಡಿಮೆ, ಹಸುವಿನ ಜೊತೆ ಧಾರಾಳ. ಗೂಡಿನಲ್ಲಿದ್ದ ಫೋನು ಅದನ್ನೆಲ್ಲ ಕೇಳಿಸಿಕೊಂಡಿತು. ನಾನು ವಾಪಸು ಬಂದು, ಕೇಳಿಯೂ ನೋಡದೆ, ಮಕ್ಕಳ ಗ್ರೂಪಿಗೆ ಕಳಿಸಿಬಿಟ್ಟೆ. ಮರುದಿನ ಗ್ರೂಪಿನ ಮಕ್ಕಳೆಲ್ಲ ಅಂಕಿಯ ಹಾಡಿನ ಕೊನೆಗೆ "ಕಾಲ್ ಸರ್ಸೇ ನನ್ನವ್ವ" ಎಂದು ಸೇರಿಸಿ ಹಾಡಿ ಕಳಿಸಿದರು. ತಮಿಳು ಮನೆಯ ಮಕ್ಕಳೂ ಹೇಳಿದರು. ಅದನ್ನು ಕೇಳಿಸಿದಾಗ ಅತ್ತೆಯ ಮುಖ ಕೆಂಡವಾಯಿತು. ತಾನು ಹಸುವಿಗೆ ಹೇಳಿದ್ದನ್ನು ಊರಿಗೆ ಹಂಚಿದಳು ಎಂದು ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು. ನಾನೇನೋ ಹಾಡಿನ ಭಾಗ ಕತ್ತರಿಸಿ, ಅವರ ಮಾತಿನ ಭಾಗವನ್ನು ಮಾತ್ರ ಇಟ್ಟುಕೊಂಡೆ. ನಗು ಬಂದಾಗ ಕೇಳೋಣ ಎಂದು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ನನ್ನ ಗಂಡ ಬಂಗಾರಪೇಟೆಯಲ್ಲಿ ಗೂಡ್ಸ್ ಆಟೊ ಓಡಿಸುತ್ತಾರೆ. ಅವತ್ತು ಟೊಮೆಟೊ ಲೋಡು ಇಳಿಸಿ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗೆ ಒಂದು ಮಾತೂ ಆಡಲಿಲ್ಲವಲ್ಲ ಎಂದು ಬೇರೆಯವರಾದರೆ ಎದೆ ಬಡಿದುಕೊಂಡು ಅಳುತ್ತಾರೆ. ಇವರು ಅಳಲೂ ಇಲ್ಲ, ಹೇಳಲೂ ಇಲ್ಲ. ತಲೆ ಬೋಳಿಸಿಕೊಂಡು ತಿಥಿ ಮುಗಿಸಿ ಮತ್ತೆ ಆಟೊ ಹತ್ತಿದರು. ಮೊದಲೇ ಮಾತು ಕಡಿಮೆ, ತಾಯಿಯ ಮಗ.

ರಂಪ ಮಾಡಿದ್ದು ಹಸು. ನಾನು ಕೂತರೆ ಒದೆಯಿತು, ಗಂಡ ಕೂತರೆ ಸುತ್ತು ಹಾಕಿತು. ಬೂಸಾ ಇಟ್ಟೆವು, ಕರು ಬಿಟ್ಟೆವು. ಕರುವಿಗೆ ಎರಡು ಗುಟುಕು ಕೊಟ್ಟು ಉಳಿದ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಹೀಗೇ ಬಿಟ್ಟರೆ ಹಸು ಬತ್ತುತ್ತದೆ, ಇಲ್ಲವೇ ಕೆಚ್ಚಲು ಬಾವು ಬಂದು ಕೆಡುತ್ತದೆ. ಡೈರಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು, ಮಾರಿಬಿಡಿ ಎಂದು. ಗಂಡ ಅದಕ್ಕೂ ಬಾಯಿ ಬಿಡಲಿಲ್ಲ. ಅದು ಅವರಮ್ಮ ಸಾಕಿದ ಹಸು.

ನಮ್ಮ ಕಡೆ ಹಿಂದೆ ಕರು ಸತ್ತರೆ ಅದರ ಚರ್ಮಕ್ಕೆ ಒಣಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ನೆಕ್ಕುತ್ತಾ ಹಾಲು ಇಳಿಸುತ್ತಿತ್ತು. ಚಿಕ್ಕವಳಿದ್ದಾಗ ಅಜ್ಜಿಯ ಊರಿನಲ್ಲಿ ನೋಡಿದ್ದೇನೆ. ಕಣ್ಣಿನ ಜಾಗದಲ್ಲಿ ತೂತಿದ್ದ ಆ ಕರು ಬಹಳ ದಿನ ನನ್ನ ಕನಸಿಗೆ ಬಂದಿತ್ತು. ನಮ್ಮ ಕೊಟ್ಟಿಗೆಯಲ್ಲಿ ಕರು ಗಟ್ಟಿಯಾಗಿತ್ತು, ಸತ್ತದ್ದು ಹಾಲು ಕರೆಯುವವರು. ಅವರಿಗೆ ಏನು ತುಂಬಿ ನಿಲ್ಲಿಸುವುದು ಎಂದು ಯೋಚಿಸುತ್ತಿದ್ದವಳಿಗೆ ಫೋನು ನೆನಪಾಯಿತು.

ಬೆಳಗಿನ ಜಾವ, ಗಂಡ ಎದ್ದಿಲ್ಲ ಎಂದುಕೊಂಡು, ಗೂಡಿನಲ್ಲಿ ಫೋನಿಟ್ಟು ಒತ್ತಿದೆ. "ಬಾರೇ ನನ್ನವ್ವ. ಕಾಲ್ ಸರ್ಸೇ. ಎದರ್ಬ್ಯಾಡ, ನಾನಿಲ್ಲೇ ಇದೀನಿ. ತಿಂದ್ಯಾ? ಒಟ್ಟೆ ತುಂಬ್ತಾ?" ಹಸುವಿನ ಎರಡೂ ಕಿವಿ ಗೂಡಿನ ಕಡೆ ತಿರುಗಿದವು. ಕಾಲು ಸರಿಸಿತು. ನನ್ನ ಬೆರಳುಗಳ ನಡುವೆ ಕೆಚ್ಚಲು ಬಿಸಿಯಾಗಿ ಸಡಿಲವಾದದ್ದು ತಿಳಿಯಿತು. ಪಾತ್ರೆ ತುಂಬುವಾಗ ನನಗೆ ಖುಷಿಗಿಂತ ಹೇಸಿಗೆಯೇ ಹೆಚ್ಚಾಯಿತು. ಸತ್ತವರ ದನಿ ಇಟ್ಟು ಹಾಲು ಕರೆದೆನಲ್ಲ ಎಂದು. ಗಂಡನಿಗೆ ಹೇಳುವ ಧೈರ್ಯ ಬರಲಿಲ್ಲ. ಹಸು ದಾರಿಗೆ ಬಂತು ಎಂದಷ್ಟೇ ಹೇಳಿದೆ, ಅವರು ತಲೆಯಾಡಿಸಿದರು.

ಅಷ್ಟರಲ್ಲಾಗಲೇ ಫೋನು ಮುದುಕಿಯಾಗಿತ್ತು. ಶಾಲೆಯ ಗ್ರೂಪು, ಪೋಷಕರ ಗ್ರೂಪು, ಡೈರಿಯ ಗ್ರೂಪು, ಎಲ್ಲ ಕಡೆಯಿಂದ ದಿನಾ ಬೆಳಗ್ಗೆ ಗುಲಾಬಿ ಹೂವು, ದೇವರು, ಶುಭೋದಯ. ಸ್ಪೋರ್ಟ್ಸ್ ಡೇ ವಿಡಿಯೋಗಳಂತೂ ಹೊಟ್ಟೆ ತುಂಬ ಕೂತಿದ್ದವು. ಮೇಲೆ ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬದ ದೂಳು ಬೇರೆ, ಗಾಳಿ ಬೀಸಿದರೆ ಆಂಡರ್ಸನ್‌ಪೇಟೆಯಲ್ಲಿ ಊಟದ ತಟ್ಟೆಗೂ ಬರುತ್ತದೆ, ಫೋನಿನ ಕಿಂಡಿಗಳನ್ನು ಬಿಡುತ್ತದೆಯೇ? ಅತ್ತೆಯ ದನಿ ನಿಂತು ನಿಂತು ಬರತೊಡಗಿತು. "ಬಾರೇ" ಎಂದು ಹೇಳಿ ನಿಂತುಬಿಡುವುದು. ನಾನು ಕೆಚ್ಚಲು ಹಿಡಿದು ಕಾಯಬೇಕು. ಆಮೇಲೆ ಮುಂದಿನ ಮಾತು. ಒಂದು ದಿನ ನಿಂತಲ್ಲಿ ಇನ್ನೊಂದು ದಿನ ನಿಲ್ಲುತ್ತಿರಲಿಲ್ಲ. ಮುದ್ರಿಸಿಟ್ಟ ಮಾತು ಅನ್ನಿಸುತ್ತಲೇ ಇರಲಿಲ್ಲ, ಯಾರೋ ಯೋಚಿಸಿ ಯೋಚಿಸಿ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ದನಿ "ನಾನಿಲ್ಲೇ ಇದೀನಿ" ಎಂದು ಹೇಳಿ ನಿಂತಾಗ, ಆ ಖಾಲಿಯಲ್ಲಿ ಇನ್ನೊಂದು ದನಿ ಕೇಳಿತು. ಸಣ್ಣಗೆ, "ಊಂ" ಎಂದು. ನನ್ನ ಕೈ ನಿಂತಿತು. ಹಸು ಹೆದರಲಿಲ್ಲ, ಕಿವಿಯನ್ನು ಗೋಡೆಯ ಕಡೆ ತಿರುಗಿಸಿತು ಅಷ್ಟೇ. ಮರುದಿನ ಮತ್ತೆ ಕೇಳಿತು. ಶಾಲೆಗೆ ಹೋಗುವಾಗ ಬಸ್ಸಿನಲ್ಲಿ ಇಯರ್‌ಫೋನು ಹಾಕಿಕೊಂಡು ಮೊದಲಿಂದ ಕೊನೆಯವರೆಗೂ ಕೇಳಿದೆ. ಅದರಲ್ಲಿ ಎಲ್ಲೂ "ಊಂ" ಇರಲಿಲ್ಲ. ಗಣಿ ಮುಚ್ಚಿ ಇಷ್ಟು ವರ್ಷವಾದ ಮೇಲೂ ಕೋರಮಂಡಲ್ ಕಡೆಯವರು ನೆಲದೊಳಗಿಂದ ಸದ್ದು ಕೇಳಿಸುತ್ತದೆ ಎಂದು ಹೇಳುವುದುಂಟು. ನೀರು ಇಳಿಯುವ ಸದ್ದಿರಬೇಕು ಎಂದು ನಾನು ನಗುತ್ತಿದ್ದೆ. ಆ ವಾರ ನಗು ಬರಲಿಲ್ಲ. ಅತ್ತೆಗೆ ನಾನು ಮಾಡಿದ್ದು ಗೊತ್ತಾಗಿದೆ ಎಂದು ನಿಜವಾಗಿಯೂ ನಂಬಿದೆ. ಕೊಟ್ಟಿಗೆಗೆ ಹೋಗುವಾಗ ಮೊದಲು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದೆ. ಟೀಚರಮ್ಮನ ಅವಸ್ಥೆ.

ಕೊನೆಗೆ ಆಂಡರ್ಸನ್‌ಪೇಟೆಯ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಫೋನನ್ನು ಒಮ್ಮೆ ತಿರುಗಿಸಿ ನೋಡಿ, ಇದಕ್ಕೆ ಖರ್ಚು ಮಾಡುವುದು ದಂಡ, ಹೊಸದು ತಗೊಳ್ಳಿ ಎಂದ. ಫೋನು ಬದಲಿಸಿದರೆ ಅತ್ತೆಯ ದನಿ ಎಲ್ಲಿ ಕಳೆದುಹೋಗುತ್ತದೋ ಎಂದು ನಾನು ಒಪ್ಪದಿದ್ದಾಗ ಫೋನಿನ ಒಳಗೆ ಹೊಕ್ಕು ನೋಡಿದ. ಗುಲಾಬಿಗಳು ಸಾವಿರಗಟ್ಟಲೆ. "ಎಲ್ಲಾ ಕುಪ್ಪೆ ಅಕ್ಕಾ, ಬರೀ ಕಸ, ತೆಗೆದ್ಬಿಡ್ಲಾ?" ಎಂದ. ತೆಗಿ, ಆದರೆ ಇದೊಂದು ಹೋದರೆ ನಾನು ಉಳಿಯುವುದಿಲ್ಲ ಎಂದು ಆ ದನಿಯ ಮೇಲೆ ಬೆರಳಿಟ್ಟೆ. ಅವನು ಅದನ್ನು ಬೇರೆ ಕಾರ್ಡಿಗೆ ಹಾಕಿಟ್ಟು, ಆಮೇಲೆ ಕೆಲಸ ಶುರು ಮಾಡಿದ. ವಿಡಿಯೋ ಅಳಿಸಿದ, ನಾನು ಮುಟ್ಟದ ಆ್ಯಪುಗಳನ್ನು ಕಿತ್ತ, ಫೋನನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿದ, ಬ್ರಶ್ಶಿನಿಂದ ಕಿಂಡಿಯ ದೂಳು ತೆಗೆದ. ನಾನು ಕೌಂಟರು ಹಿಡಿದು ನಿಂತಿದ್ದೆ, ಆಪರೇಷನ್ನಿಗೆ ಕರೆದುಕೊಂಡು ಬಂದವಳ ಹಾಗೆ. ಹಳೇ ಫೋನು ತಾನೇ ಸದ್ದು ಮಾಡುತ್ತದೆಯೇ ಎಂದು ಕೇಳಿದೆ. ಹ್ಯಾಂಗ್ ಆದರೆ ಏನು ಬೇಕಾದರೂ ಮಾಡುತ್ತದೆ ಎಂದ. ಆ ಉತ್ತರ ನನಗೆ ಸಾಕಾಗಿತ್ತು.

ಮರುದಿನ ಬೆಳಗ್ಗೆ ಅತ್ತೆ ಒಂದೇ ಉಸಿರಿನಲ್ಲಿ ಮಾತಾಡಿ ಮುಗಿಸಿದರು. ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಹಿಂದೆ ಆ ಕಾಲದ ಕರುವಿನ ಕೊರಳ ಗಂಟೆಯೂ ಕೇಳುತ್ತಿತ್ತು. ಹಸು ಹಾಲು ಇಳಿಸಿತು. "ಊಂ" ಇರಲಿಲ್ಲ. ಅದರ ಮರುದಿನವೂ ಇಲ್ಲ. ಪೀಡೆ ತೊಲಗಿತು ಎಂದು ಹಗುರಾದೆ, ಬಸ್ಸಿನಲ್ಲಿ ಆಧಾರ್ ಥಟ್ಟನೆ ತೆಗೆದು ಕಂಡಕ್ಟರ ಮುಖಕ್ಕೇ ಹಿಡಿದೆ.

ಗಂಡ ಊಟ ಬಿಟ್ಟದ್ದು ಆ ವಾರದಲ್ಲೇ. ಮುದ್ದೆ ಮುರಿದು ಹಾಗೇ ಬಿಟ್ಟು ಏಳುತ್ತಿದ್ದರು. ಬಾಡಿಗೆ ಬಂದರೂ ಹೋಗದೆ ಆಟೊದಲ್ಲೇ ಕೂತಿರುತ್ತಿದ್ದರು. ಮೈ ಸರಿಯಿಲ್ಲವೇ ಎಂದರೆ ಸರಿಯಾಗಿದೆ ಎಂದರು. ಭಾನುವಾರ ನಾನು ಹಿತ್ತಲಲ್ಲಿ ಕ್ಯಾನು ತೊಳೆಯುತ್ತಿದ್ದಾಗ ಬಂದು ನಿಂತು, ನೆಲ ನೋಡುತ್ತಾ ಕೇಳಿದರು.

"ಫೋನ್ ರಿಪೇರಿ ಮಾಡಿಸ್ದ್ಯಾ?"

ಹೌದು ಎಂದೆ.

"ಅದಕ್ಕೇ. ಅಮ್ಮ ಈಗ ನಿಲ್ಲೋದೇ ಇಲ್ಲ."

ಅವರು ಒಂದೊಂದೇ ಮಾತು ಕಿತ್ತು ಹೇಳಿದರು. ಮೊದಲ ದಿನದಿಂದಲೂ ಅವರಿಗೆ ಆ ದನಿ ಕೇಳಿಸುತ್ತಿತ್ತು. ನಾನು ಎದ್ದು ಹೋದ ಮೇಲೆ ಎದ್ದು ಬಂದು, ಕೊಟ್ಟಿಗೆಯ ಹಿಂದೆ ಹುಲ್ಲಿನ ಮೆದೆಯ ಪಕ್ಕ, ಗೋಡೆಗೆ ಒರಗಿ ಕೂರುತ್ತಿದ್ದರಂತೆ. ಫೋನು ಎಂದು ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿತ್ತು. ಗೊತ್ತಿದ್ರೂನು, ಅವ್ಳು ನಿಲ್ಸಿದಾಗೆಲ್ಲ ನಂಗೋಸ್ಕರ ಕಾಯ್ತಾವ್ಳೆ ಅನ್ಸೋದು. ಊಂ ಅಂತಿದ್ದೆ. ಆಮೇಲೆ ಮುಂದಿನ್ ಮಾತ್ ಏಳೋಳು."

ನನಗೆ ಅಳು ತಡೆಯಲಿಲ್ಲ. ಆಸ್ಪತ್ರೆಯಲ್ಲಿ ಆಡದೆ ಉಳಿದ ಮಾತನ್ನು ಈ ಮನುಷ್ಯ ದಿನಕ್ಕೊಂದು ಊಂಕಾರದಂತೆ ಆಡಿ ತೀರಿಸುತ್ತಿದ್ದರು. ನಾನು ಅದನ್ನು ಭೂತವೆಂದು ಹೆದರಿ, ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದಿದ್ದೆ.

ಮರುದಿನ ನಾನೇ ಬೆರಳಿಟ್ಟು ದನಿಯನ್ನು ನಿಲ್ಲಿಸಿದೆ. "ಕಾಲ್ ಸರ್ಸೇ" ಆದ ಮೇಲೆ ಒಮ್ಮೆ, "ಇದೀನಿ" ಆದ ಮೇಲೆ ಒಮ್ಮೆ. ಗೋಡೆಯಾಚೆ ಹುಲ್ಲು ಸರಿದ ಸದ್ದಾಯಿತು, ಉತ್ತರ ಬರಲಿಲ್ಲ. ಹಾಲು ಒಯ್ಯುವಾಗ ಅವರು ಮೆಲ್ಲಗೆ ಹೇಳಿದರು. "ನೀನ್ ನಿಲ್ಸಿದ್ದು ಗೊತ್ತಾಗ್ತದೆ. ಅದು ನೀನು, ಅಮ್ಮ ಅಲ್ಲ." ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತು ಶಾಲೆಯಲ್ಲಿ ಕೂತು ಎಲ್ಲ ಗ್ರೂಪುಗಳ ಗುಲಾಬಿಗಳನ್ನೂ ವಿಡಿಯೋಗಳನ್ನೂ ಮತ್ತೆ ಇಳಿಸಿಕೊಂಡೆ. ಫೋನು ಮತ್ತೆ ನಿಧಾನವಾಗಲಿ ಎಂದು. ಜಗತ್ತಿನಲ್ಲಿ ಯಾರೂ ಮಾಡದ ಕೆಲಸ. ಎಷ್ಟು ತುಂಬಿದರೂ ಅದು ಅಲುಗಾಡಲಿಲ್ಲ, ಅಂಗಡಿಯವನು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ.

ಎರಡು ದಿನ ಬಿಟ್ಟು ಒಂದು ಬೆಳಗ್ಗೆ ನಾನು ಫೋನನ್ನು ಒಳಗೇ ಬಿಟ್ಟು ಕೊಟ್ಟಿಗೆಗೆ ಹೋದೆ. ಇನ್ನು ಆ ದನಿಯನ್ನು ಒತ್ತುವುದಕ್ಕೆ ನನಗೆ ಕೈ ಬರಲಿಲ್ಲ. ಹಸು ಒದ್ದರೆ ಒದೆಯಲಿ ಎಂದು ಕೂತೆ. ಅದು ಸುತ್ತು ಹಾಕಿತು, ಗೂಡಿನ ಕಡೆ ಕಿವಿ ಮಾಡಿತು, ಕೆಚ್ಚಲು ಕಲ್ಲಾಯಿತು. ಆಗ ಗಂಡ ಹಿಂದಿನಿಂದ ಸುತ್ತಿಕೊಂಡು ಒಳಗೆ ಬಂದರು. ನನ್ನನ್ನು ನೋಡದೆ ಹಸುವಿನ ಕೊರಳ ಕೆಳಗೆ ಕೈ ಹಾಕಿ ಸವರಿದರು.

"ಬಾರೇ ನನ್ನವ್ವ" ಎಂದರು.

ನಿಂತರು. ಮರೆತರೇನೋ ಅಂದುಕೊಂಡೆ. ಮರೆತಿರಲಿಲ್ಲ, ಅವರು ಆ ಮಾತುಗಳನ್ನು ಕಲಿತದ್ದೇ ಹಾಗೆ. "ಕಾಲ್ ಸರ್ಸೇ" ಎಂದರು, ಮತ್ತೆ ನಿಂತರು. ಗಂಡಸಿನ ಗಂಟಲಿನಲ್ಲಿ ಅತ್ತೆಯದೇ ಎಳೆತ. ಹಸು ಕಾಲು ಸರಿಸಿತು.

"ಎದರ್ಬ್ಯಾಡ, ನಾನಿಲ್ಲೇ ಇದೀನಿ."

ಕೆಚ್ಚಲು ಸಡಿಲವಾಗತೊಡಗಿತು, ನಾನು ಎಳೆಯಲಿಲ್ಲ, ಕಾದೆ.

"ತಿಂದ್ಯಾ?"

ಊಂ ಎನ್ನಲು ಗೋಡೆಯಾಚೆ ಈಗ ಯಾರೂ ಇರಲಿಲ್ಲ. ಬದುಕಿದ್ದಾಗ ಅತ್ತೆ ನನ್ನನ್ನು ಆ ಮಾತು ಕೇಳಿದ್ದು ನನಗೆ ನೆನಪಿಲ್ಲ. ಗಂಡ ಕಣ್ಣು ಮುಚ್ಚಿ, ಹಸುವಿನ ಕೊರಳಿಗೆ ಹಣೆ ಹಚ್ಚಿ, ಕಾಯುತ್ತಾ ನಿಂತಿದ್ದರು.

"ಇನ್ನೂ ಇಲ್ಲ ಅತ್ತೆ" ಎಂದೆ.