ಹೊಸ ಒಲೆಯಲ್ಲಿ ಕೋಳಿ ಕಾವು

ನಮ್ಮೂರು ಸರಸಂಬಾದ ಹೊಗೆ ಇಲ್ಲದ ಒಲೆ ನೋಡಲು ಕಳೆದ ವಾರ ಆಳಂದದಿಂದ ಜೀಪು ಬಂತು. ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು.

ಹೊಗೆಯಂತೂ ಇರಲಿಲ್ಲ, ಒಪ್ಪಬೇಕು.

ಒಲೆ ಪಕ್ಕದ ಮನೆ ಭೀಮಬಾಯಿಯದು. ಆಳಂದದ ಖಾನಾವಳಿಗೆ ಆಕೆ ದಿನಾ ನೂರು ರೊಟ್ಟಿ ಬಡಿದು ಬಸ್ಸಿಗೆ ಹಾಕುತ್ತಾಳೆ. ಕಣ್ಣು ಮಂಜಾಗಿವೆ. ಹೊಗೆ ಬಿಡು, ಇಲ್ಲವಾದರೆ ಕಣ್ಣಿನ ಆಸೆ ಬಿಡು ಎಂದಿದ್ದಾರೆ ಡಾಕ್ಟರು. ರೊಟ್ಟಿ ಬಿಟ್ಟರೆ ಹೊಟ್ಟೆಗೇನು? ಚೀಟಿಯಲ್ಲಿ ಅದನ್ನು ಬರೆದುಕೊಡಲಿಲ್ಲ.

ಅದಕ್ಕೇ ಯುಗಾದಿ ಹೊತ್ತಿಗೆ ಪಟ್ಟಣದಿಂದ ಒಬ್ಬ ಡಿಸೈನರ್ ಬಂದಾಗ ನಮಗೆಲ್ಲ ಆಸೆ ಹುಟ್ಟಿತು. (ಒಲೆಗೂ ಡಿಸೈನರ್ ಇರುತ್ತಾನೆಂದು ಆಗಲೇ ಗೊತ್ತಾದದ್ದು. ಅಲ್ಲಿಯವರೆಗೆ ಅಂಥವರನ್ನು ಹೆಂಗಸರು ಎನ್ನುತ್ತಿದ್ದೆವು.) ಗೋಡೆ ಅಳೆದ, ಸೂರು ಅಳೆದ, ತೊಗರಿ ಕಟ್ಟಿಗೆ ಅಳೆದ. ರೊಟ್ಟಿ ತಿಂದ. ಬಡಿಯುವುದನ್ನು ಮಾತ್ರ ನೋಡಲಿಲ್ಲ. ಅರ್ಧ ಕಟ್ಟಿಗೆ ಸಾಕು, ಹೊಗೆ ಕೊಳವೆಯಲ್ಲಿ ಹೋಗುತ್ತದೆ, ಊರ ಹೆಂಗಸರೆಲ್ಲ ಸೇರಿ ರೊಟ್ಟಿ ವ್ಯಾಪಾರ ಮಾಡಬಹುದು ಎಂದ. ಸುಳ್ಳಲ್ಲ. ಆದರೆ ಅವನು ಕಟ್ಟಿಕೊಟ್ಟ ಒಲೆಯ ಬಾಯಿ ಗೇಣಗಲ.

ಜೋಳದ ರೊಟ್ಟಿ ಹಂಚಿನ ಮೇಲೆ ಬೇಯುವುದು ಅರ್ಧ. ಇನ್ನರ್ಧ ಬೇಯುವುದು, ಉಬ್ಬುವುದು ಒಲೆಯ ಬಾಯಲ್ಲಿ ಕೆಂಡದೆದುರು ನಿಲ್ಲಿಸಿದಾಗ. ಗೇಣಗಲದ ಬಾಯಲ್ಲಿ ತಾಟಿನಗಲದ ರೊಟ್ಟಿ ಎಲ್ಲಿ ನಿಲ್ಲಬೇಕು?

"ಒಲೆ ಹೇಗಿದೆ?" ಎಂದ.

"ಭಾಳ ಚಲೋ ಅದರಿ" ಎಂದೆವು. ನಾನೂ ಸೇರಿ. ಮನೆಗೆ ಬಂದವರ ಮುಂದೆ ಕೆಟ್ಟದ್ದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. (ಹೋದ ಮೇಲೆ ಹೇಳುವ ಪದ್ಧತಿ ಬೇಕಾದಷ್ಟಿದೆ.)

ನಾಲ್ಕನೇ ದಿನ ಖಾನಾವಳಿಯಿಂದ ರೊಟ್ಟಿ ವಾಪಸ್, ಹಸಿಯಾಗಿವೆ ಎಂದು. ಭೀಮಬಾಯಿ ಹಳೇ ಒಲೆಗೆ ಮರಳಿದಳು. ಹೊಸದು ಕೋಳಿಗೆ ಹೋಯಿತು.

ಕಳೆದ ವಾರದ ಜೀಪಿನಲ್ಲಿ ಅದೇ ಡಿಸೈನರ್ ಬಂದದ್ದು ಇಬ್ಬರು ಸಾಹೇಬರು, ಒಂದು ಕ್ಯಾಮೆರಾ ಸಮೇತ. ಕೋಳಿಯನ್ನು ನೋಡಿದ. ಕೋಳಿ ಅವನನ್ನು ನೋಡಿತು.

"ನೀವೇ ಚೆನ್ನಾಗಿದೆ ಅಂದ್ರಲ್ಲಮ್ಮ?"

"ನೀವು ಒಲಿ ಹೆಂಗದ ಅಂತ ಕೇಳಿದ್ರಿ. ರೊಟ್ಟಿ ಹೆಂಗ ಆಗ್ತಾವ ಅಂತ ಎಲ್ಲಿ ಕೇಳಿದ್ರಿ?" ಹಳೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಭೀಮಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನ ಮುಖ ಬಾಡಿತು. "ಆಕಿ ಅಳಾಕತ್ತಿಲ್ಲಪ್ಪ, ಹೊಗಿ ಅದು" ಎಂದೆ. "ನೀನೂ ಕೂಡು, ತಿಳೀತದ."

ಸಾಹೇಬರು ಜೀಪಿನ ನೆರಳಿಗೆ ಹೋದರು. ಅವನು ಕೂತ. ಹತ್ತು ರೊಟ್ಟಿ ಆಗುವಷ್ಟರಲ್ಲಿ ಅವನ ಕಣ್ಣಲ್ಲೂ ನೀರು. ಹನ್ನೊಂದನೆಯದನ್ನು ತಾನೇ ಬಡಿದ.

"ರೊಟ್ಟಿ ಬಡಿ ಅಂದ್ರ ಅಫಜಲಪುರ ತಾಲೂಕಿನ ನಕ್ಷಾ ಬರದೀರಲ್ರಿ" ಎಂದಳು ಭೀಮಬಾಯಿ.

ಆಮೇಲೆ ಅವನ ಅಳತೆ ಟೇಪು ಕಿಸೆಗೆ ಹೋಯಿತು. ಆಕೆ ಎರಡೂ ಕೈ ಅಗಲಿಸಿ ತೋರಿಸಿದಷ್ಟು ಬಾಯಿ ಬಿಟ್ಟು, ಇಬ್ಬರೂ ಸೇರಿ ಇನ್ನೊಂದು ಒಲೆ ಹಾಕಿದರು. ಅದು ಒಣಗಬೇಕು. ರೊಟ್ಟಿ ಉಬ್ಬುತ್ತದೋ, ಹೊಗೆ ಹೊರಗೆ ಹೋಗುತ್ತದೋ, ಆಮೇಲೆ ಮಾತು.

ನಾಲ್ಕು ತಿಂಗಳ ಹೊಗೆ ಭೀಮಬಾಯಿಯ ಕಣ್ಣಿಗೆ ಸುಮ್ಮನೆ ಹೋಯಿತು. ಅರ್ಧ ಅವನು ಕೇಳದ್ದಕ್ಕೆ, ಅರ್ಧ ನಾವು ಹೇಳದ್ದಕ್ಕೆ.

ಜೀಪು ಹತ್ತಿದವನು ನನ್ನತ್ತ ತಿರುಗಿ, "ಅಜ್ಜಿ, ಈ ಸಲ ಹೇಗಿದೆ?" ಎಂದ.

"ಕೊಳವಿ ಸೊಟ್ಟ ಅದ. ಇಳದು ನೆಟ್ಟಗ ಮಾಡು."

ಇಳಿದ, ಮಾಡಿದ. ಇಷ್ಟು ಹೇಳಲು ನನಗೆ ನಾಲ್ಕು ತಿಂಗಳು ಬೇಕಿತ್ತೇ?