ಪೀರಮ್ಮನ ಕಂಬಳಿಗೆ ಮಾಸ್ತರನ ಸೇವೆ

ಶಂಕ್ರೆಪ್ಪ ಮಾಸ್ತರನಿಗೆ ಆಗ ಇಪ್ಪತ್ತು ವರ್ಷ. ನ್ಯಾಲ್ಕಲ್ ಹತ್ತಿರದ ಒಂದು ಶಾಲೆಯಲ್ಲಿ ತಿಂಗಳಿಗೆ ಹನ್ನೆರಡು ರೂಪಾಯಿ ನೌಕರಿ, ಕೈಯಲ್ಲಿ ಕೊಡೆ, ತಲೆಯಲ್ಲಿ ದೇಶೋದ್ಧಾರ. ಹನ್ನೆರಡು ರೂಪಾಯಿಗೆ ದೇಶ ಉದ್ಧಾರವಾಗದೆಂದು ಅವನಿಗೂ ಗೊತ್ತಿತ್ತು. ಆದ್ದರಿಂದ ಖರ್ಚಿಲ್ಲದ ದಾರಿಯೊಂದನ್ನು ಹುಡುಕಿಕೊಂಡ. ಫಸಲಿ ೧೩೫೩ರ, ಅಂದರೆ ೧೯೪೪ರ, ಬೇಸಿಗೆ ರಜೆಯಲ್ಲಿ ಶಾಲೆಯ ದೊಡ್ಡ ಹುಡುಗರು ಊರಿನ ಮುದುಕ ಮುದುಕಿಯರ ಸೇವೆ ಮಾಡಬೇಕು, ತಾನು ಮುಂದೆ ನಿಂತು ಮಾಡಿಸಬೇಕು. ಮುಂದೆ ನಿಲ್ಲುವುದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಹೆಸರು ಕೊಟ್ಟವರು ಹನ್ನೊಂದು ಹುಡುಗರು, ಬಂದವರು ಇಬ್ಬರು: ಹದಿನೈದರ ಮೊಗಲಪ್ಪ, ಹದಿನಾಲ್ಕರ ಶಾಂತಪ್ಪ. ಕುರಿಯವರ ಹುಡುಗರಂತೂ ಹೆಸರನ್ನೂ ಕೊಡಲಿಲ್ಲ. ಕುರಿಗಳಿಗೆ ಬೇಸಿಗೆ ರಜೆ ಇರಲಿಲ್ಲ.

ಮೊದಲ ದಿನ ಲೆಕ್ಕದ ವಹಿ ಹಿಡಿದು ಮನೆಮನೆಗೆ ಹೋಗಿ ಮುದುಕರ ಹೆಸರು ಬರೆಯಹೊರಟಿದ್ದೇ ತಪ್ಪಾಯಿತು. ಆ ಯುದ್ಧದ ವರ್ಷಗಳಲ್ಲಿ ವಹಿ ಹಿಡಿದು ಬರುವವರೆಲ್ಲ ಸರ್ಕಾರದ ಲೆವಿಯೆಂದು ಜೋಳ ವಸೂಲಿಗೇ ಬರುತ್ತಿದ್ದರು. ಶರಣಬಸಮ್ಮನೆಂಬ ಮುದುಕಿ ಮಾಸ್ತರನನ್ನು ಕಂಡವಳೇ ನೆಲದೊಳಗಿನ ಜೋಳದ ಹಗೇವಿನ ಬಾಯಿಯ ಮೇಲೆ ಚಾಪೆ ಹಾಸಿ ಮಲಗಿಬಿಟ್ಟಳು. ಸಂಜೆತನಕ ಏಳಲಿಲ್ಲ. ಉಳಿದ ಮನೆಗಳವರೂ ಸೇವೆ ಬೇಡವೆಂದು ಬಾಗಿಲಿನಿಂದಲೇ ಕಳಿಸಿದರು.

ಮರುದಿನ ವಹಿ ಬಿಟ್ಟು ಪೀರಮ್ಮನ ಅಂಗಳಕ್ಕೆ ಹೋದರು. ಎಪ್ಪತ್ತರ ಪೀರಮ್ಮ ಉಣ್ಣೆ ನೂಲುತ್ತ ಕುಳಿತಿದ್ದಳು. ಅವಳ ಗಂಡ ಮಾಳಿಂಗಪ್ಪ ಕುರಿ ಹೊಡೆದುಕೊಂಡು ಅಡವಿಗೆ ಹೋಗಿದ್ದ.

"ಪೋರಗೋಳಿಗಿ ಹಿಡ್ಕೊಂಡ್ ಬಂದೀರಲ್ರಿ ಮಾಸ್ತರ್, ಏನ್ ಕದ್ದಾರ?"

"ಕದ್ದಿಲ್ಲ ಆಯಿ. ಸೇವಾ ಮಾಡಾಕ ಬಂದಾರ."

"ಯಾರ ಸೇವಾ?"

"ನಿಮ್ದೇ."

ಪೀರಮ್ಮ ಕದಿರು ನಿಲ್ಲಿಸಿದಳು. "ಯಾಕ್ರಿ, ನಾ ಸಾಯ್ತೀನಂತ ಯಾರರೆ ಹೇಳ್ಯಾರೇನು?"

ಕೊನೆಗೆ, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಕಸಬರಿಗೆ ಕೊಟ್ಟಳು. ಹುಡುಗರು ಗುಡಿಸಿದ ಭರಕ್ಕೆ ಅಂಗಳದ ಧೂಳೆಲ್ಲ ಹಿಂಜಿಟ್ಟ ಉಣ್ಣೆಯ ಮೇಲೆ ಕುಳಿತಿತು. ಅವಳು ಅದನ್ನು ನೋಡಿ, ಅವರನ್ನು ನೋಡಿ, "ಸಾಕಾತು, ಕೂಡ್ರಿ" ಎಂದು ಹೇಳಿ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಅಡವಿಗೆ ಹೊರಟಳು.

ಸುಮ್ಮನೆ ಕೂಡ್ರುವುದು ಮಾಸ್ತರನಿಂದ ಆಗಲಿಲ್ಲ. ಅಂಗಳದಲ್ಲಿ ಗೂಟಗಳಿಗೆ ಬಿಗಿದ ಕರಿ ಕಂಬಳಿಯೊಂದು ಅವನ ಕಣ್ಣಿಗೆ ಬಿತ್ತು. ಮುಟ್ಟಿದರೆ ಹಲಗೆಯಂತೆ ಬಿರುಸು, ಮೈಯೆಲ್ಲ ಅಂಟು, ಹುಳಿ ವಾಸನೆ. ಶಂಕ್ರೆಪ್ಪ ಜಹೀರಾಬಾದಿನ ಬಟ್ಟೆ ಅಂಗಡಿಯವರ ಮಗ. ಬಟ್ಟೆಯ ವಿಷಯದಲ್ಲಿ ಈ ಸೀಮೆಯಲ್ಲಿ ತನ್ನಷ್ಟು ಬಲ್ಲವರಿಲ್ಲವೆಂದು ನಂಬಿದ್ದ.

"ಪಾಪ, ಒಗಿಯಾಕ ಮುದುಕಿ ಕೈಯಾಗ ಶಕ್ತಿ ಇಲ್ಲ. ಹೊರ್ರಿ ಇದನ್ನ."

"ಸರ್, ಕೇಳಿ ಒಗಿಯೋಣ್ರಿ," ಎಂದ ಶಾಂತಪ್ಪ.

"ಕೇಳಿ ಮಾಡಿದ್ರ ಅದು ಕೂಲಿ. ಕೇಳದ ಮಾಡಿದ್ರ ಸೇವಾ."

ಕೆರೆಯ ಕಲ್ಲಿನ ಮೇಲೆ ಅಂಟುವಾಳ ಹಾಕಿ ಮೂವರೂ ಎರಡು ತಾಸು ಬಡಿದರು. ಲೋಳೆಯಂಥ ಬಿಳಿ ನೀರು ಇಳಿಯಿತು, ಮತ್ತೂ ಇಳಿಯಿತು. ಇಷ್ಟು ಕೊಳೆಯನ್ನು ಜನ್ಮದಲ್ಲಿ ಕಂಡಿಲ್ಲವೆಂದು ಮಾಸ್ತರ ಹಿಗ್ಗಿದ. ಬಿಸಿಲಿಗೆ ಒಣಗಿಸಿ ತಂದಾಗ ಕಂಬಳಿ ಬೆಕ್ಕಿನ ಮರಿಯಷ್ಟು ಮೆತ್ತಗಾಗಿತ್ತು.

ಅಡವಿಯಿಂದ ಬಂದ ಪೀರಮ್ಮ ಅದನ್ನು ಮುಟ್ಟಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಮಾಸ್ತರನಿಗೆ ಹಗುರಾಗುತ್ತಿತ್ತು.

"ನಾಕ್ ದಿನ ಹುಣಸಿ ಬೀಜದ ಗಂಜಿ ಕುಡಿಸೀನ್ರಿ ಇದಕ್ಕ," ಎಂದಳು. "ಗಂಜಿ ಕುಡದ್ರನ ಕಂಬಳಿ ಮಳಿ ತಡೀತದ. ಈಗ ಇದು ಜರಡಿ. ಮಿರಗದ ಮಳಿ ಕೂಡಾಕ ಎಂಟ ದಿನ ಅದ. ಹ್ವಾದ ವರ್ಷ ಹರಕ ಕಂಬಳ್ಯಾಗ ತೊಯ್ಸ್ಕೊಂಡು ನಮ್ಮ ಮುದುಕ ದೀಪಾವಳಿ ತನಕಾ ಕೆಮ್ಯಾನ. ಈ ಸಲ ತೊಯ್ದ್ರ ಎದ್ದು ಕೂಡಂಗಿಲ್ಲ. ಕುರಿ ಬಿಟ್ಟು ಮನ್ಯಾಗ ಇರು ಅಂದ್ರ ಕೇಳಂಗೂ ಇಲ್ಲ."

"ಮತ್ತ ಗಂಜಿ ಹಾಕೋಣ ಆಯಿ," ಎಂದ ಮಾಸ್ತರ.

"ಬೀಜ ಎಲ್ಲಿ ಅವ? ಇದ್ದವೆಲ್ಲಾ ಕೆರಿಗಿ ಕುಡಿಸಿ ಬಂದೀರಿ."

ಹುಣಸೆಹಣ್ಣಿನ ಸುಗ್ಗಿ ಮುಗಿದಿತ್ತು. ಬೀಜ ಉಳಿದಿದ್ದರೆ ಮುದುಕರ ಮನೆಯ ಗಡಿಗೆಗಳಲ್ಲಿ ಮಾತ್ರ. ಸೇವೆ ಬೇಡವೆಂದು ಕಳಿಸಿದ್ದ ಅದೇ ಮನೆಗಳ ಬಾಗಿಲಿಗೆ ಮಾಸ್ತರ ಈಗ ಬುಟ್ಟಿ ಹಿಡಿದು ನಿಂತ. ಕಂಬಳಿ ತೊಳೆದ ಸುದ್ದಿ ಅವನಿಗಿಂತ ಮೊದಲೇ ಮನೆಮನೆ ಮುಟ್ಟಿತ್ತು. ಶರಣಬಸಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ನಮ್ಮನಿ ಎಮ್ಮಿ ಭಾಳ ಕಪ್ಪದ ಮಾಸ್ತರ್, ಒಂದಿಷ್ಟು ಬೆಳ್ಳಗ ಮಾಡಿ ಕೊಡ್ತೀರೇನು?" ಎಂದಳು. ಆಮೇಲೆ ಒಂದು ಮೊರ ಬೀಜ ಕೊಟ್ಟಳು. ಮುದುಕ ಕಲ್ಯಾಣಪ್ಪನ ಬೀಜಗಳು ಚೌಕಾಬಾರದ ಕಾಯಿಗಳಾಗಿದ್ದವು. ಗೆದ್ದರೆ ಒಯ್ಯಿ ಎಂದ. ಮಾಸ್ತರ ಮೂರು ಆಟ ಸೋತ. ಮೊಗಲಪ್ಪ ಒಂದೇ ಆಟದಲ್ಲಿ ಗೆದ್ದು, ಮಾಸ್ತರನ ಮುಖ ನೋಡದೆ ಬೀಜ ಬಾಚಿಕೊಂಡ.

ನಾಲ್ಕು ದಿನಕ್ಕೆ ಎರಡು ಸೇರು ಬೀಜ ಕೂಡಿತು. ಹುರಿಯುವುದು, ನೆನೆಹಾಕುವುದು, ಸಿಪ್ಪೆ ಸುಲಿಯುವುದು, ಅರೆಯುವುದು, ಕುದಿಸುವುದು. ಪೀರಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದಳು, ಮಾಸ್ತರ ಒರಳಿನ ಮುಂದೆ ಕುಳಿತು ಅರೆದ. ಅಂಗೈಯಲ್ಲಿ ಬೊಬ್ಬೆ ಎದ್ದವು.

"ಸಣ್ಣಗಾತೇನ್ ಆಯಿ?"

"ಜ್ವಾಳದ ನುಚ್ಚು ಮಾಡಬೇಕಿದ್ರ ಆಗ್ಯಾದ. ಅರೀರಿ."

ಗೂಟಕ್ಕೆ ಬಿಗಿದ ಕಂಬಳಿಗೆ ಗಂಜಿ ಹಚ್ಚಲು ಪೀರಮ್ಮ ಕುಂಚ ಎಳೆಯುವ ರೀತಿ ತೋರಿಸಿದಳು, ಹುಡುಗರು ಕಲಿತರು. ಮಾಸ್ತರನ ಕೈಗೆ ಕುಂಚ ಕೊಡಲಿಲ್ಲ.

ಮೃಗಶಿರಾ ಮಳೆ ಕೂಡುವ ಮಿರಗದ ಮುಂಜಾನೆ ಪಡುವಣ ಕಪ್ಪಾಗಿತ್ತು. ಕೋಲು ಹಿಡಿದು ಹೊರಟುನಿಂತ ಮಾಳಿಂಗಪ್ಪ ಒಂದು ಸಲ ಕೆಮ್ಮಿದ. ಮಾಸ್ತರ ಓಡಿಹೋಗಿ ಗೂಟದಿಂದ ಕಂಬಳಿ ಬಿಚ್ಚಿ ತಂದ.

"ಕುಂದರ್ರಿ ಇಲ್ಲಿ," ಎಂದಳು ಪೀರಮ್ಮ. ಮಾಸ್ತರ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕುಳಿತ. ಅವನ ತಲೆಯ ಮೇಲೆ ಕಂಬಳಿಯನ್ನು ಕೊಪ್ಪೆ ಮಾಡಿ ಹೊದಿಸಿ, ಶಾಂತಪ್ಪನಿಗೆ ಕೊಡ ಕೊಟ್ಟಳು. "ಸುರಿ ತಮ್ಮಾ. ಮಾಸ್ತರ್ ಅಂತ ದಯಾ ಮಾಡಬ್ಯಾಡ."

ಶಾಂತಪ್ಪ ಮಾಡಲಿಲ್ಲ. ಒಂದು ಕೊಡವಾಯಿತು, ಇನ್ನೊಂದೂ ಆಯಿತು. ಕಂಬಳಿಯೊಳಗಿನ ಕತ್ತಲಲ್ಲಿ ಮಾಸ್ತರ ಮೊದಲು ನೆತ್ತಿ, ಆಮೇಲೆ ಭುಜ ತಡವಿ ನೋಡಿಕೊಂಡ.

"ಏನಾತ್ರಿ?" ಪೀರಮ್ಮನ ದನಿ ಸಣ್ಣಗಾಗಿತ್ತು.

"ಒಣಾ ಅದ ಆಯಿ. ಒಂದ್ ಹನಿ ಇಳದಿಲ್ಲ."

ಮಾಳಿಂಗಪ್ಪ ಮಾಸ್ತರನ ತಲೆಯ ಮೇಲಿಂದ ಕಂಬಳಿ ಎತ್ತಿ ಒಮ್ಮೆ ಝಾಡಿಸಿ ತನ್ನ ತಲೆಗೆ ಹಾಕಿಕೊಂಡ. ನಾಲಿಗೆ ಲೊಟ್ಟೆ ಹೊಡೆದು ಕುರಿ ಕರೆಯುತ್ತ ಹೊರಟುಹೋದ. ಕಂಬಳಿಯಿಂದ ಜಾರಿದ ಎರಡು ಕೊಡ ನೀರೂ ಅಂಗಳದ ತಗ್ಗಿಗೆ ಬಂದು ಮಾಸ್ತರನ ಧೋತರ ಸೇರಿತ್ತು. ಅವನು ಒಣ ತಲೆ ಹೊತ್ತು ಕೆಸರಿನಲ್ಲಿ ಹಾಗೇ ಕುಳಿತು, ಕರಿ ಕೊಪ್ಪೆ ಓಣಿಯ ತಿರುವು ದಾಟುವತನಕ ನೋಡಿದ.