ಹಿಂಡಿನ ಹಿಂದೆ ನಡೆದ ಹಣಮಪ್ಪ

ಕೆರೂರ ಹಣಮಪ್ಪನ ಮುತ್ತಜ್ಜ ಬೀರಪ್ಪ, ಮಲಪ್ರಭೆ ಕೆಂಪಗೆ ತುಂಬಿ ಹರಿಯುವಾಗ ಹಿಂಡಿನ ಮರಿಗಳನ್ನೆಲ್ಲ ಹೆಗಲ ಮೇಲೆ ಹೊತ್ತು ದಾಟಿಸಿದವನು. ಅಜ್ಜ ಸಿದ್ದಪ್ಪ, ತೋಳದ ಬಾಯಿಂದ ಮರಿ ಕಿತ್ತುಕೊಂಡು, ಮೇಲೆ ತೋಳಕ್ಕೇ ಬುದ್ಧಿ ಹೇಳಿ ಕಳಿಸಿದವನು. ಅಪ್ಪ ಮಾಳಪ್ಪನಂತೂ ಬಾದಾಮಿ ಗುಡ್ಡಕ್ಕೆ ನೂರಿಪ್ಪತ್ತು ಕುರಿ ಹೊಡೆದುಕೊಂಡು ಹೋಗಿ, ಮೂರು ದಿನದ ಜಡಿಮಳೆ ಕಳೆದ ಮೇಲೆ ನೂರಿಪ್ಪತ್ತೆರಡನ್ನು ಹೊಡೆದುಕೊಂಡು ಬಂದವನು. ಎರಡು ಕುರಿ ಗುಡ್ಡದಲ್ಲೇ ಈದಿದ್ದವು, ಅಷ್ಟೇ. ಆದರೆ ಮಾಳಪ್ಪ ತಾನೇ ಹಡೆದವನಂತೆ ಮೀಸೆ ತಿರುವಿದ್ದ.

ಆ ಮನೆತನದವರ ಕೈಯಲ್ಲಿ ಗುಡ್ಡಕ್ಕೆ ಹೋದ ಜೀವ ಒಂದೂ ತಪ್ಪಿಸಿಕೊಂಡಿಲ್ಲ. ಇದನ್ನು ಹಣಮಪ್ಪ ಖಾಸಿಂಸಾಬನ ಚಹಾದಂಗಡಿಯಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದ.

"ನಿಮ್ಮ ಕುರಿಗೆ ಬುದ್ಧಿ ಇತ್ತಲೇ ಹಣಮ್ಯಾ, ಅದಕ್ಕ ತಪ್ಪಿಸ್ಕೊಂಡಿಲ್ಲ," ಎಂದು ಖಾಸಿಂಸಾಬ ಎರಡೂ ಸಲ ಹೇಳುತ್ತಿದ್ದ.

ಕುರಿ ಮಾರಿ ಹತ್ತು ವರ್ಷವಾಗಿತ್ತು. ಆದರೂ ಚಳಿಗಾಲದಲ್ಲೊಮ್ಮೆ ಬಾದಾಮಿಯಿಂದ ಗುಡ್ಡ ಹತ್ತಿ ಮಹಾಕೂಟಕ್ಕೆ ಇಳಿಯದಿದ್ದರೆ ಹಣಮಪ್ಪನಿಗೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ. ಪ್ರತಿ ವರ್ಷ ಅಣ್ಣ ಮಾಯಪ್ಪನ ಜೊತೆ ಹೋಗುತ್ತಿದ್ದ. ಮಾಯಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡ. ಹಣಮಪ್ಪನಿಗೆ ಎಪ್ಪತ್ತೆರಡಾಗಿತ್ತು, ಬಲಗಾಲ ಮೊಣಕಾಲು ಮುಲುಗುತ್ತಿತ್ತು. ಒಬ್ಬನೇ ಹೋಗಬೇಡ ಎಂದಳು ಮೊಮ್ಮಗಳು ವಿದ್ಯಾ. ಸಾಲಿಯಲ್ಲಿ ಕಲಿಸುವವಳು, ಮನೆಯಲ್ಲೂ ಬೆತ್ತ ಕೆಳಗಿಡದವಳು.

"ನನ್ನ ಹಿಡದು ನಮ್ಮ ಸಾಲಿ ಮಾಸ್ತರು ಎಂಟು ಮಂದಿ ಹೊಂಟೇವಿ. ನೀ ಹಾದಿ ತೋರ್ಸು. ಆದ್ರ ಕರಾರು ಐತಿ ಅಜ್ಜಾ. ಯಾರದರೆ ಕೈ ಹಿಡಕೊಂಡು ಇಳದಿ ಅಂದ್ರ, ಇದ ಕಡೀ ಸಲ. ಮುಂದಿನ ವರ್ಷ ಗುಡ್ಡ ಬಂದ್."

"ಕೈ ಹಿಡ್ಯಾಕ ನಾ ಏನ್ ಮದುಮಗಾ ಏನ?" ಎಂದ ಹಣಮಪ್ಪ. ಆದರೆ ಅವನಿಗೆ ಗೊತ್ತಿತ್ತು: ಈ ಹುಡುಗಿ ಆಡಿದ್ದನ್ನು ಮಾಡುವವಳು.

ಪುಷ್ಯ ಮಾಸದ ಒಂದು ಆದಿತ್ಯವಾರ ಬೆಳಗ್ಗೆ ಬಾದಾಮಿಯ ಕೆರೆ ದಂಡೆಯಿಂದ ಹೊರಟರು. ಬಾಯಿ ತೆರೆದರೆ ಬೀಡಿ ಸೇದಿದಂತೆ ಹೊಗೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಗಣಿತದ ಮಾಸ್ತರು ವಿಜಯಮಹಾಂತೇಶ ಇಳಕಲ್ಲಿನವರು, ಮೈ ತುಂಬಿದ ಆಳು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ನಿಸರ್ಗ ಸೌಂದರ್ಯ ಹೊಗಳುತ್ತಿದ್ದರು. ಉಸಿರು ಬಂದ ಕೂಡಲೇ ಸೌಂದರ್ಯ ಮುಗಿಯುತ್ತಿತ್ತು.

ಹಾದಿ ತೋರಿಸಬೇಕಾದ ಹಣಮಪ್ಪ ಮಾತ್ರ ಎಲ್ಲರ ಹಿಂದೆ, ಕಂಬಳಿ ಹೊದ್ದು, ಬಡಿಗೆಯನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ಬರುತ್ತಿದ್ದ. ಯಾರಾದರೂ ಬಾರಿಹಣ್ಣಿಗೆ ಬದಿಗೆ ಸರಿದರೆ "ಹುರ್ರ್ಯಾ, ಹೌ!" ಎಂದು ಕೂಗಿ ಗುಂಪಿನೊಳಗೆ ಹಾಕುತ್ತಿದ್ದ.

"ಅಜ್ಜಾರ, ನಾವೇನು ಕುರಿ ಅಲ್ರಿ," ಎಂದರು ವಿಜಯಮಹಾಂತೇಶ.

"ಗೊತ್ತೈತ್ರಿ ಮಾಸ್ತರ. ಕುರಿ ಇಷ್ಟು ಮಾತಾಡೂದಿಲ್ಲ."

ಗುಡ್ಡದ ಬಯಲಿನಲ್ಲಿ ಹಾದಿ ಎರಡಾಯಿತು. ವಿಜಯಮಹಾಂತೇಶ ಮೊಬೈಲು ನೋಡಿ ಎಡಕ್ಕೆ ತಿರುಗಿದರು. ಮಂದಿ ಅವರ ಹಿಂದೆ, ಮಂದಿಯ ಹಿಂದೆ ಹಣಮಪ್ಪ. ಹಳದಿ ಹುಲ್ಲು ಗಾಳಿಗೆ ತಲೆ ತೂಗುತ್ತಿತ್ತು, ಬಿಸಿಲು ಹಿತವಾಗಿತ್ತು, ಅವನಿಗೆ ಯಾವ ಯೋಚನೆಯೂ ಇರಲಿಲ್ಲ. ಒಂದು ತಾಸು ನಡೆದ ಮೇಲೆ ನೆಲವೇ ಮುಗಿಯಿತು. ಕಾಲಡಿ ಕೆಂಪು ಕಲ್ಲಿನ ಕಡಿದಾದ ಗೋಡೆ. ಆಳದಲ್ಲಿ ಮಹಾಕೂಟದ ಗಿಡಗಳ ಹಸಿರು ತಲೆ. ರೆಕ್ಕೆ ಇದ್ದವರಿಗೆ ಅಲ್ಲಿಂದ ಐದೇ ನಿಮಿಷ.

ಎಂಟು ಮಂದಿ ತಿರುಗಿ ಹಣಮಪ್ಪನನ್ನು ನೋಡಿದರು.

"ಅಜ್ಜಾ," ಎಂದಳು ವಿದ್ಯಾ ಮೆಲ್ಲಗೆ, "ಖರೆ ಹೇಳು. ಹಾದಿ ಗೊತ್ತೈತೊ ಇಲ್ಲೊ?"

ಹಣಮಪ್ಪ ತಲೆಯ ಪಟಕಾ ಬಿಚ್ಚಿ ಮತ್ತೆ ಸುತ್ತಿದ. ಆಗಲೇ ಅವನಿಗೂ ಹೊಳೆದದ್ದು. ಐವತ್ತು ವರ್ಷ ಹಿಂಡಿನ ಮುಂದೆ ನಡೆದವನು ಮಾಯಪ್ಪ. ಕುಂಟ ಕುರಿ, ಎಳೆ ಮರಿ, ಹಿಂದೆ ಬೀಳುವ ಸೋಮಾರಿಗಳನ್ನು ಕೂಡಿಸಿಕೊಂಡು ಹಿಂದೆ ಬರುವುದು ತಮ್ಮನ ಪಾಲು. ಕುರಿ ಹೋದ ಮೇಲೂ ಅಣ್ಣ ಮುಂದೆ, ತಮ್ಮ ಹಿಂದೆ. ಎಲ್ಲಿ ತಿರುಗಬೇಕೆಂದು ಹಣಮಪ್ಪ ಒಮ್ಮೆಯೂ ಯೋಚಿಸಿರಲಿಲ್ಲ.

"ಗೊತ್ತೈತಿ," ಎಂದ. "ಹಿಂದಿನಿಂದ ಗೊತ್ತೈತಿ."

ಗಣಿತದ ಮಾಸ್ತರು ನಗಲಿಲ್ಲ. ನಗಲು ಉಸಿರಿರಲಿಲ್ಲ.

"ಮೊದಲ ರೊಟ್ಟಿ ತಿನ್ರಿ," ಎಂದ ಹಣಮಪ್ಪ. ಎಲ್ಲರೂ ಬುತ್ತಿ ಬಿಚ್ಚಿದರು. ಅವನು ಅಂಚಿನ ಕಲ್ಲಿನ ಮೇಲೆ ಕುಳಿತ. ಒಂದು ಹದ್ದು ಅವನಿಗಿಂತ ಕೆಳಗೆ ಸುತ್ತುತ್ತಿತ್ತು. ಹದ್ದಿನ ಬೆನ್ನು ಅವನು ನೋಡಿದ್ದು ಅದೇ ಮೊದಲು. ಕಲ್ಲಿನ ಕುಳಿಯಲ್ಲಿ ಉಳಿದ ಬೊಗಸೆ ನೀರಿನಲ್ಲಿ ಇಡೀ ಮುಗಿಲು ಮಲಗಿತ್ತು. ಇಷ್ಟೆಲ್ಲ ಇಲ್ಲಿ ಯಾವಾಗಿನಿಂದ ಇತ್ತು? ಗುಡ್ಡ ಬಲ್ಲೆ ಗುಡ್ಡ ಬಲ್ಲೆ ಎಂದು ಊರೆಲ್ಲ ಡಂಗುರ ಹೊಡೆದವನು ಬಲ್ಲದ್ದು ಬರೀ ಕುರಿಯ ಬೆನ್ನು. ಅವನಿಗೆ ತನ್ನ ಮೇಲೆಯೇ ನಗು ಬಂತು. ಗುಡ್ಡವೇನೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ತನ್ನ ಕಡೆ ಯಾರು ನೋಡಿದರು, ಯಾರು ಬಿಟ್ಟರು ಎಂದು ಅದು ಲೆಕ್ಕ ಇಡುವುದಿಲ್ಲ. ಲೆಕ್ಕ ಇಡುವುದೆಲ್ಲ ಮೊಮ್ಮಕ್ಕಳು.

ಹಿಂದೆ ನಡೆದವನಿಗೆ ಹಿಂದೆ ಉಳಿದದ್ದು ಗೊತ್ತಿರುತ್ತದೆ. ಎದ್ದು ಅಂಚಿನಗುಂಟ ಬಗ್ಗಿ ಬಗ್ಗಿ ನಡೆದ. ಒಂದು ಮುಳ್ಳುಕಂಟಿಯಲ್ಲಿ, ಮೊಣಕಾಲೆತ್ತರದಲ್ಲಿ, ಕರಿ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಮುಂದಿನ ಕಂಟಿಯಲ್ಲಿ ಇನ್ನೊಂದು. ನೆಲದಲ್ಲಿ ಹಿಕ್ಕೆ, ಬೆರಳಲ್ಲಿ ಒತ್ತಿದರೆ ಇನ್ನೂ ಮೆತ್ತಗೆ.

"ಯಾರದೋ ಹಿಂಡು ನಿನ್ನೆ ಇಳದೈತಿ. ಬರ್ರಿ," ಎಂದು ಜೀವಮಾನದಲ್ಲಿ ಮೊದಲ ಸಲ ಮುಂದೆ ನಡೆದ.

ಉಣ್ಣೆಯ ಎಳೆಗಳು ಅವರನ್ನು ಒಂದು ಸಂದಿಗೆ ತಂದವು. ಸಂದಿಯೊಳಗೆ ಇಳಿಜಾರು, ಕಡೆಗೆ ಎದೆಯೆತ್ತರದ ಒಂದು ಬಂಡೆ, ಅದರ ಕೆಳಗೆ ಸರಾಗ ಹಾದಿ. ಕುರಿಗೆ ಅದು ಒಂದು ನೆಗೆತ. ವಿದ್ಯಾ ಇಳಿದಳು. ಉಳಿದವರೂ ಇಳಿದರು. ವಿಜಯಮಹಾಂತೇಶರನ್ನು ನಾಲ್ಕು ಮಂದಿ ಜೋಳದ ಚೀಲದಂತೆ ಇಳಿಸಿಕೊಂಡರು. ಆ ಕೆಲಸಕ್ಕೆ ಯಾರೂ ಕರಾರು ಹಾಕಿರಲಿಲ್ಲ.

ಮೇಲೆ ಹಣಮಪ್ಪನೊಬ್ಬ ಉಳಿದ. ಬಲಗಾಲು ಕೆಳಗೆ ಚಾಚಿ ನೋಡಿದ, ಮುಲುಗಿತು, ಎಳೆದುಕೊಂಡ. ಎಡಗಾಲು ಚಾಚಿದ, ನೆಲ ಇನ್ನೂ ದೂರವಿತ್ತು. ಕೆಳಗಿನಿಂದ ಹದಿನಾಲ್ಕು ಕೈಗಳು ಮೇಲೆದ್ದವು. ವಿದ್ಯಾ ಮಾತ್ರ ಕೈಕಟ್ಟಿ ನಿಂತಿದ್ದಳು, ತುಟಿ ಕಚ್ಚಿಕೊಂಡಿದ್ದಳು.

"ಹಿಡೀರಿ ಅಜ್ಜಾರ, ನಾವ್ ಯಾರಿಗೂ ಹೇಳೂದಿಲ್ಲ," ಎಂದರು ಗಣಿತದ ಮಾಸ್ತರು.

ಹಣಮಪ್ಪ ಬಂಡೆಯ ಮೇಲೆ ಪಟ್ಟಾಗಿ ಕುಳಿತು ಧೋತರದ ಕಚ್ಚೆ ಬಿಗಿ ಮಾಡಿಕೊಂಡ.

"ಕೈ ಕೆಳಗಿಳಸ್ರಿ ಮಾಸ್ತರ. ನಾ ಕುಂತು ಜಾರ್ತೇನಿ, ಬೀಳ್ತೇನಿ, ಬೈತೇನಿ, ಅದು ನನಗೂ ಈ ಕಲ್ಲಿಗೂ ಬಿಟ್ಟ ಮಾತು. ನಿಮ್ಮ ಕಡೆಯಿಂದ ನನಗ ಏನೂ ಬ್ಯಾಡ. ಎಲ್ಲಾರೂ ಅತ್ತಾಗ ಮುಖಾ ಮಾಡಿ ನಿಂದರ್ರಿ, ಅಷ್ಟ!"